ನಿದ್ರೆಗೆ ಮೂಲಿಕೆ, ಮನಸ್ಸಿಗೆ ಪೂರಕ: ಗುಣ, ಮಿತಿ ಮತ್ತು ವಿವೇಕ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಕತ್ತಲಾದ ಮೇಲೂ ವಿದ್ಯುತ್ ಮಗ್ಗಗಳ ಸದ್ದು ಕೇಳುತ್ತಿರುತ್ತದೆ. ವಿಜಯಪುರದ ಕಡೆಯ ಹಳ್ಳಿಗಳಲ್ಲಿ ರೇಷ್ಮೆ ಹುಳು ಹಣ್ಣಾಗುವ ದಿನಗಳು ಬಂದರೆ ಮನೆಮಂದಿ ಸರದಿಯ ಮೇಲೆ ಎಚ್ಚರವಿರುತ್ತಾರೆ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ನಂತರ ಸುತ್ತಲಿನ ಎಷ್ಟೋ ಮನೆಗಳ ಯುವಕ ಯುವತಿಯರು ಸರಿರಾತ್ರಿಯಲ್ಲಿ ಕೆಲಸಕ್ಕೆ ಹೊರಡುವುದು ರೂಢಿಯಾಗಿದೆ. ಹೊಸಕೋಟೆಯ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ; ನೆಲಮಂಗಲದ ಹೆದ್ದಾರಿಗಳಲ್ಲಿ ಲಾರಿಗಳ ಸಾಲು ಹಗಲಿರುಳೆನ್ನದೆ ಸಾಗುತ್ತದೆ. ಸೂರ್ಯನೊಡನೆ ಎದ್ದು ಸೂರ್ಯನೊಡನೆ ವಿಶ್ರಮಿಸುತ್ತಿದ್ದ ನಮ್ಮ ಜಿಲ್ಲೆಯ ಬದುಕು ಬಹುಬೇಗ ಬದಲಾಗಿದೆ. ಸಾಲ, ಜಮೀನಿನ ವ್ಯಾಜ್ಯ, ಮಕ್ಕಳ ಓದು, ಮದುವೆ ಮೊದಲಾದ ಚಿಂತೆಗಳು ಇದರೊಡನೆ ಸೇರಿಕೊಂಡಾಗ ಹಾಸಿಗೆಗೆ ಹೋದರೂ ಕಣ್ಣು ಮುಚ್ಚದ ಸ್ಥಿತಿ ಉಂಟಾಗುತ್ತದೆ.

ಹೀಗಿರುವಾಗ ನಿದ್ರೆಗೆ ಮತ್ತು ಮನಸ್ಸಿನ ನೆಮ್ಮದಿಗೆ ಮೂಲಿಕೆಯ ಮಾತ್ರೆ, ಪುಡಿ, ಲೇಹ್ಯಗಳನ್ನು ಹುಡುಕುವವರು ಹೆಚ್ಚಿರುವುದು ಸಹಜ. ಅಶ್ವಗಂಧ, ಬ್ರಾಹ್ಮಿ, ಜಟಾಮಾಂಸಿ, ಮೆಲಟೋನಿನ್, ಮೆಗ್ನೀಸಿಯಂ ಎಂಬ ಹೆಸರುಗಳು ಔಷಧ ಅಂಗಡಿಯಿಂದ ಮೊಬೈಲ್ ಫೋನಿನವರೆಗೆ ಎಲ್ಲೆಡೆ ಕಾಣಸಿಗುತ್ತವೆ. ಇವುಗಳಲ್ಲಿ ನಿಜವಾದ ಗುಣ ಎಷ್ಟು? ಯಾರಿಗೆ ಹಿತ, ಯಾರಿಗೆ ಅಹಿತ? ಈ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಸಾವಧಾನವಾಗಿ ವಿಚಾರಿಸೋಣ.

ಒಂದು ಸಾಮಾನ್ಯ ಸನ್ನಿವೇಶ

ಅರವತ್ತು ದಾಟಿದ ತಾಯಿಯೊಬ್ಬರನ್ನು ಊಹಿಸಿಕೊಳ್ಳಿ. ರಕ್ತದೊತ್ತಡಕ್ಕೆ ಒಂದು ಮಾತ್ರೆ, ಥೈರಾಯ್ಡ್‌ಗೆ ಒಂದು ಮಾತ್ರೆ, ರಾತ್ರಿ ನಿದ್ರೆಗೆಂದು ವೈದ್ಯರು ಬರೆದ ಮತ್ತೊಂದು ಮಾತ್ರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಹಬ್ಬಕ್ಕೆ ಬಂದವನು, "ಅಮ್ಮ, ಆ ನಿದ್ರೆ ಮಾತ್ರೆ ಅಭ್ಯಾಸವಾಗಿಬಿಡುತ್ತದೆ. ಇದು ಗಿಡಮೂಲಿಕೆ, ಏನೂ ತೊಂದರೆ ಇಲ್ಲ" ಎಂದು ಅಶ್ವಗಂಧದ ಡಬ್ಬಿಯೊಂದನ್ನು ಕೈಗಿಡುತ್ತಾನೆ. ತಾಯಿ ಆ ರಾತ್ರಿಯಿಂದಲೇ ವೈದ್ಯರ ಮಾತ್ರೆಯನ್ನು ಬಿಡುತ್ತಾರೆ. ಮೂರನೆಯ ದಿನಕ್ಕೆ ಎದೆ ಡವಡವ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ, ಇದ್ದ ನಿದ್ರೆಯೂ ಹೋಗುತ್ತದೆ.

ಮಗನ ಪ್ರೀತಿಯಲ್ಲಿ ದೋಷವಿಲ್ಲ. ತಪ್ಪಿರುವುದು ಅವನ ಎರಡು ನಂಬಿಕೆಗಳಲ್ಲಿ. ಮೂಲಿಕೆಯಾದ್ದರಿಂದ ಅಪಾಯವಿಲ್ಲ ಎಂಬುದು ಮೊದಲನೆಯದು. ಹಳೆಯ ಮಾತ್ರೆಯ ಜಾಗದಲ್ಲಿ ಇದನ್ನು ಒಮ್ಮೆಲೇ ಇಡಬಹುದು ಎಂಬುದು ಎರಡನೆಯದು. ಅಲ್ಪ್ರಜೋಲಾಮ್, ಕ್ಲೊನಜೆಪಾಮ್ ಮುಂತಾದ ಮಾತ್ರೆಗಳನ್ನು ಬಹುಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸಿದರೆ ನಡುಕ, ತೀವ್ರ ಕಳವಳ, ಕೆಲವರಲ್ಲಿ ಅಪಸ್ಮಾರದಂತಹ ಸೆಳೆತವೂ ಬರಬಹುದು. ಅವುಗಳನ್ನು ವೈದ್ಯರ ಸಲಹೆಯಂತೆ ವಾರಗಳ ಕಾಲ ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇನ್ನು ಮೊದಲನೆಯ ನಂಬಿಕೆಯ ವಿಚಾರ. ಇದಕ್ಕೆ ನಮ್ಮ ದೇಶದ ಒಂದು ಮೂಲಿಕೆಯ ಚರಿತ್ರೆಯೇ ಉತ್ತರ ಹೇಳುತ್ತದೆ.

ಸರ್ಪಗಂಧ ಕಲಿಸಿದ ಪಾಠ

ಸರ್ಪಗಂಧ ನಮ್ಮ ಕಾಡುಗಳಲ್ಲಿ ಬೆಳೆಯುವ ಸಣ್ಣ ಗಿಡ. ಅದರ ಬೇರನ್ನು ನಿದ್ರೆ ಬಾರದವರಿಗೂ ಉನ್ಮಾದದಿಂದ ಬಳಲುವವರಿಗೂ ಕೊಡುವ ರೂಢಿ ಬಹು ಹಿಂದಿನದು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಎಂಬ ವೈದ್ಯರು ಈ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ಶಮನಗೊಳಿಸುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಅವರು ಬ್ರಿಟನ್ನಿನ ಪತ್ರಿಕೆಯಲ್ಲಿ ತಮ್ಮ ರೋಗಿಗಳ ಅನುಭವವನ್ನು ಪ್ರಕಟಿಸಿದಾಗ ಜಗತ್ತು ಇದರತ್ತ ತಿರುಗಿ ನೋಡಿತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಈ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವನ್ನು ಬೇರ್ಪಡಿಸಲಾಯಿತು. ಮನೋರೋಗಕ್ಕೆ ಔಷಧವೇ ಇಲ್ಲವೆಂಬಂತಿದ್ದ ಕಾಲದಲ್ಲಿ ಅದು ದೊಡ್ಡ ಭರವಸೆಯಾಗಿ ಕಂಡಿತು.

ಆದರೆ ಬಳಕೆ ಹೆಚ್ಚಿದಂತೆ ಮತ್ತೊಂದು ಮುಖವೂ ಕಾಣಿಸಿತು. ಕೆಲವರಲ್ಲಿ ರಕ್ತದೊತ್ತಡ ಅತಿಯಾಗಿ ಕುಸಿಯಿತು. ಕೆಲವರಿಗೆ ಹೊಟ್ಟೆಯ ಹುಣ್ಣು ಉಲ್ಬಣಿಸಿತು. ಮತ್ತೆ ಕೆಲವರು ಖಿನ್ನತೆಗೆ ಒಳಗಾದರೆಂಬ ವರದಿಗಳು ಬಂದವು. ಮನಸ್ಸಿಗೆ ಶಾಂತಿ ತರಬೇಕಾದ ಮದ್ದೇ ಕೆಲವರ ಮನಸ್ಸನ್ನು ಕುಗ್ಗಿಸಿದಂತೆ ತೋರಿತು. ಇಂದು ರೆಸರ್ಪಿನ್ ಬಳಕೆ ಬಹಳ ಕಡಿಮೆ. ಸರ್ಪಗಂಧವಿರುವ ಔಷಧವನ್ನು ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು.

ಇದರಿಂದ ಸರ್ಪಗಂಧ ಕೆಟ್ಟದ್ದೆಂದು ಅರ್ಥವಲ್ಲ. ಅದು ನಿಜವಾಗಿ ಕೆಲಸ ಮಾಡುವ ಔಷಧ. ಆದಕಾರಣವೇ ಅದಕ್ಕೆ ಪ್ರಮಾಣ ಬೇಕು, ಕಾಲ ಬೇಕು, ರೋಗಿಯನ್ನು ಅರಿತ ವೈದ್ಯರು ಬೇಕು. ದೇಹದ ಮೇಲೆ ಪರಿಣಾಮ ಬೀರುವ ಶಕ್ತಿಯುಳ್ಳ ಯಾವ ದ್ರವ್ಯವಾದರೂ ತಪ್ಪಾಗಿ ಬಳಸಿದಾಗ ಅಪಾಯ ಮಾಡುವ ಶಕ್ತಿಯನ್ನೂ ಹೊಂದಿರುತ್ತದೆ. ಇದೊಂದು ಮಾತನ್ನು ಮನದಲ್ಲಿಟ್ಟುಕೊಂಡು ಉಳಿದ ಮೂಲಿಕೆಗಳನ್ನು ಒಂದೊಂದಾಗಿ ನೋಡೋಣ.

ಅಶ್ವಗಂಧ

ಕನ್ನಡದಲ್ಲಿ ಹಿರೇಮದ್ದಿನ ಗಿಡ ಎಂದು ಕರೆಯುವ ಅಶ್ವಗಂಧದ ಬೇರು ಬಲವರ್ಧಕವೆಂದು ಆಯುರ್ವೇದದಲ್ಲಿ ಪ್ರಸಿದ್ಧ. ಇಂದು ನಿದ್ರೆ ಮತ್ತು ಆತಂಕಕ್ಕೆ ಅತಿ ಹೆಚ್ಚು ಮಾರಾಟವಾಗುವ ಮೂಲಿಕೆಗಳಲ್ಲಿ ಇದೂ ಒಂದು. ಭಾರತದಲ್ಲಿ ನಡೆದ ಹಲವು ಸಣ್ಣ ಅಧ್ಯಯನಗಳಲ್ಲಿ, ಎಂಟರಿಂದ ಹನ್ನೆರಡು ವಾರ ಬೇರಿನ ಸಾರವನ್ನು ಸೇವಿಸಿದವರಲ್ಲಿ ನಿದ್ರೆ ಸ್ವಲ್ಪ ಸುಧಾರಿಸಿ, ಆತಂಕ ಕೊಂಚ ತಗ್ಗಿದ್ದು ಕಂಡುಬಂದಿದೆ. ಅಧ್ಯಯನಗಳು ಚಿಕ್ಕವು, ಅವಧಿಯೂ ಅಲ್ಪ. ವರ್ಷಗಟ್ಟಲೆ ಸೇವಿಸುವುದಕ್ಕೆ ಅವು ಆಧಾರವಾಗಲಾರವು.

ಎಚ್ಚರಿಕೆಯ ವಿಷಯಗಳೂ ಇವೆ. ಅಶ್ವಗಂಧ ಸೇವನೆಯ ನಂತರ ಕಾಮಾಲೆ ಬಂದು ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಐಸ್‌ಲ್ಯಾಂಡ್, ಅಮೆರಿಕ ಹಾಗೂ ಭಾರತದಿಂದ ವರದಿಯಾಗಿವೆ. ಇವು ಅಪರೂಪ, ಹೆಚ್ಚಿನವರು ಸೇವನೆ ನಿಲ್ಲಿಸಿದ ಮೇಲೆ ಚೇತರಿಸಿಕೊಂಡಿದ್ದಾರೆ. ಆದರೆ ಮೊದಲೇ ಯಕೃತ್ತಿನ ರೋಗವಿದ್ದವರಲ್ಲಿ ಪರಿಣಾಮ ಗಂಭೀರವಾಗಿದೆ. 2023ರಲ್ಲಿ ಡೆನ್ಮಾರ್ಕ್ ದೇಶ ಇದರ ಮಾರಾಟವನ್ನೇ ನಿಷೇಧಿಸಿತು. ಈ ಮೂಲಿಕೆ ಥೈರಾಯ್ಡ್ ಹಾರ್ಮೋನಿನ ಮಟ್ಟವನ್ನು ಏರಿಸಬಲ್ಲದು. ಮಧುಮೇಹ ಮತ್ತು ರಕ್ತದೊತ್ತಡದ ಮಾತ್ರೆಗಳ ಪರಿಣಾಮವನ್ನು ಹೆಚ್ಚಿಸಬಲ್ಲದು. ನಿದ್ರೆ ಮಾತ್ರೆಯೊಡನೆ ಸೇರಿದರೆ ಮಂಪರು ಇಮ್ಮಡಿಸಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಯಕೃತ್ತಿನ ರೋಗಿಗಳು ಮತ್ತು ಥೈರಾಯ್ಡ್ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಕೊಳ್ಳುವವರು ಬೇರಿನಿಂದ ಮಾತ್ರ ಮಾಡಿದ್ದೇ ಎಂದು ನೋಡಿಕೊಳ್ಳಬೇಕು. ಪರಂಪರೆಯಲ್ಲಿ ಒಳಗೆ ಸೇವಿಸಲು ಬಳಕೆಯಾದದ್ದು ಬೇರು, ಎಲೆಯಲ್ಲ.

ಒಂದೆಲಗ ಮತ್ತು ನೀರುಬ್ರಾಹ್ಮಿ

ಬ್ರಾಹ್ಮಿ ಎಂಬ ಒಂದೇ ಹೆಸರಿನಲ್ಲಿ ಎರಡು ಸಸ್ಯಗಳು ಮಾರಾಟವಾಗುತ್ತವೆ. ಒಂದು, ದುಂಡನೆಯ ಎಲೆಯ ಒಂದೆಲಗ. ಇದಕ್ಕೆ ಸಂಸ್ಕೃತದಲ್ಲಿ ಮಂಡೂಕಪರ್ಣಿ, ನಮ್ಮ ಮನೆಗಳಲ್ಲಿ ಸರಸ್ವತಿ ಸೊಪ್ಪು ಎಂಬ ಹೆಸರುಗಳಿವೆ. ಇನ್ನೊಂದು, ಜೌಗು ನೆಲದಲ್ಲಿ ಬೆಳೆಯುವ, ದಪ್ಪನೆಯ ಸಣ್ಣ ಎಲೆಗಳ ನೀರುಬ್ರಾಹ್ಮಿ. ಇವೆರಡೂ ಬೇರೆ ಬೇರೆ ಕುಟುಂಬದ ಸಸ್ಯಗಳು. ಡಬ್ಬಿಯ ಮೇಲೆ ಬ್ರಾಹ್ಮಿ ಎಂದಷ್ಟೇ ಇದ್ದರೆ ಯಾವುದೆಂದು ಕೇಳಿ ತಿಳಿಯಬೇಕು.

ನೀರುಬ್ರಾಹ್ಮಿಯ ಸಾರವನ್ನು ಹೆಚ್ಚಾಗಿ ಜ್ಞಾಪಕಶಕ್ತಿಗಾಗಿ ಪರೀಕ್ಷಿಸಿದ್ದಾರೆ. ಆತಂಕದ ಮೇಲೆ ಅದರ ಪ್ರಭಾವ ಸೌಮ್ಯವಾದದ್ದು. ಖಾಲಿ ಹೊಟ್ಟೆಯಲ್ಲಿ ಸೇವಿಸಿದರೆ ಓಕರಿಕೆ, ಭೇದಿ ಆಗಬಹುದು. ಒಂದೆಲಗವನ್ನು ಮಜ್ಜಿಗೆಯೊಡನೆ ಅರೆದು ತಂಬುಳಿ ಮಾಡಿ, ಅಥವಾ ಚಟ್ನಿಯಾಗಿ ವಾರಕ್ಕೊಂದೆರಡು ದಿನ ಊಟದಲ್ಲಿ ಬಳಸುವುದು ಆರೋಗ್ಯವಂತರಿಗೆ ಹಿತವಾದ ಕ್ರಮ. ಕುಂಡದಲ್ಲಿಯೂ ಬೆಳೆಯುವ ಸಸ್ಯವಿದು. ಚರಂಡಿಯ ನೀರು ಹರಿಯುವ ಕಡೆಯಿಂದ ಮಾತ್ರ ಕಿತ್ತು ತರಬಾರದು.

ಜಟಾಮಾಂಸಿ, ತಗರ, ಗಸಗಸೆ, ಜಾಯಿಕಾಯಿ

ಜಟಾಮಾಂಸಿ ಮತ್ತು ತಗರ ಹಿಮಾಲಯದ ಸಸ್ಯಗಳು. ಎರಡರ ಬೇರಿಗೂ ಮಂಪರು ತರಿಸುವ ಗುಣವಿದೆ. ತಗರದ ಸಂಬಂಧಿಯಾದ ವಲೇರಿಯನ್ ಯುರೋಪಿನಲ್ಲಿ ನಿದ್ರೆಗೆಂದು ಬಳಕೆಯಲ್ಲಿದೆ. ಜಟಾಮಾಂಸಿಯನ್ನು ಮಿತಿಮೀರಿ ಅಗೆದ ಕಾರಣ ಅದೀಗ ಅಳಿವಿನ ಅಂಚಿನಲ್ಲಿರುವ ಸಸ್ಯ. ಬೆಲೆ ಹೆಚ್ಚಾದಂತೆ ಕಲಬೆರಕೆಯೂ ಹೆಚ್ಚು. ಇವುಗಳನ್ನು ನಿದ್ರೆ ಮಾತ್ರೆ, ಅಪಸ್ಮಾರದ ಮಾತ್ರೆ ಅಥವಾ ಅಲರ್ಜಿಯ ಮಾತ್ರೆಗಳೊಡನೆ ಬೆರೆಸಬಾರದು. ವಾಹನ ಚಾಲನೆಗೆ ಮುನ್ನ ಸೇವಿಸಲೇಬಾರದು.

ನಮ್ಮ ಅಡುಗೆಮನೆಯ ಗಸಗಸೆ ಪಾಯಸ ಕುಡಿದವರಿಗೆ ತೂಕಡಿಕೆ ಬರುತ್ತದೆಂಬುದು ಎಲ್ಲರೂ ಆಡುವ ಮಾತು. ಗಸಗಸೆ ಅಫೀಮಿನ ಗಿಡದ ಬೀಜ. ಸ್ವಚ್ಛಗೊಳಿಸಿದ ಬೀಜದಲ್ಲಿ ಅಫೀಮಿನ ಅಂಶ ಅತ್ಯಲ್ಪವಿರುತ್ತದೆ. ಹಬ್ಬದ ಪಾಯಸದಿಂದ ಭಯವಿಲ್ಲ. ಬೆಲ್ಲ, ತೆಂಗಿನಕಾಯಿ ಸೇರಿದ ಹೊಟ್ಟೆತುಂಬ ಊಟವೂ ಆ ತೂಕಡಿಕೆಗೆ ಕಾರಣವೇ. ಆದರೆ ನಿದ್ರೆಗೆಂದು ಪ್ರತಿ ರಾತ್ರಿ ಅರೆದು ಕುಡಿಯುವುದು, ಮಕ್ಕಳಿಗೆ ಕುಡಿಸುವುದು ಸಲ್ಲದು. ದೇವನಹಳ್ಳಿಯಿಂದ ವಿಮಾನ ಹತ್ತಿ ಮಕ್ಕಳ ಮನೆಗೆ ಹೊರಡುವ ಹಿರಿಯರಿಗೆ ಇನ್ನೊಂದು ಮಾತು: ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ. ಸಾಂಬಾರ ಪದಾರ್ಥಗಳ ಗಂಟಿನಲ್ಲಿ ಅದು ಸೇರಿಕೊಂಡರೆ ಸೆರೆವಾಸದವರೆಗೂ ಹೋಗಬಹುದು.

ಜಾಯಿಕಾಯಿಯನ್ನು ಕಲ್ಲಿನ ಮೇಲೆ ಒಂದೆರಡು ಸುತ್ತು ತೇಯ್ದು ಹಾಲಿಗೆ ಬೆರೆಸುವುದು ಅಜ್ಜಿಯರ ಕಾಲದ ಪದ್ಧತಿ. ಆ ಒಂದೆರಡು ಸುತ್ತೇ ಅದರ ಮಿತಿ. ಒಂದೆರಡು ಚಮಚದಷ್ಟು ಪುಡಿ ಹೊಟ್ಟೆ ಸೇರಿದರೆ ವಾಂತಿ, ಎದೆಬಡಿತ, ಭ್ರಮೆಗಳು ಉಂಟಾಗುತ್ತವೆ. ಹಸುಗೂಸುಗಳಿಗೆ ಇದನ್ನು ನೆಕ್ಕಿಸುವ ಪದ್ಧತಿಯನ್ನು ಬಿಡುವುದೇ ಲೇಸು.

ಮೆಲಟೋನಿನ್ ಮತ್ತು ಮೆಗ್ನೀಸಿಯಂ

ಮೆಲಟೋನಿನ್ ಮೂಲಿಕೆಯಲ್ಲ, ಕತ್ತಲಾದಾಗ ನಮ್ಮ ಮೆದುಳಿನ ಒಂದು ಸಣ್ಣ ಗ್ರಂಥಿ ತಾನಾಗಿ ಸ್ರವಿಸುವ ಹಾರ್ಮೋನು. ಇದು ರಾತ್ರಿಯಾಯಿತೆಂದು ದೇಹಕ್ಕೆ ತಿಳಿಸುತ್ತದೆ. ಆದ್ದರಿಂದ ದೂರದೇಶಗಳ ಪ್ರಯಾಣದಿಂದ ಹಗಲು ರಾತ್ರಿ ಅದಲುಬದಲಾದವರಿಗೆ ಇದರ ಮಾತ್ರೆ ಉಪಯುಕ್ತ. ಬಹುಕಾಲದ ನಿದ್ರಾಹೀನತೆಗೆ ಇದು ಹೆಚ್ಚು ನೆರವಾಗದು. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿಯು 2017ರ ತನ್ನ ಮಾರ್ಗಸೂಚಿಯಲ್ಲಿ, ವಯಸ್ಕರ ದೀರ್ಘಕಾಲದ ನಿದ್ರಾಹೀನತೆಗೆ ಮೆಲಟೋನಿನ್, ವಲೇರಿಯನ್ ಮತ್ತು ಟ್ರಿಪ್ಟೋಫಾನ್ ಬಳಸದಿರುವುದೇ ಸೂಕ್ತ ಎಂದು ಹೇಳಿತು. ಅದೇ ವರ್ಷ ಕೆನಡಾದಲ್ಲಿ 31 ಮೆಲಟೋನಿನ್ ಉತ್ಪನ್ನಗಳನ್ನು ಪರೀಕ್ಷಿಸಿದಾಗ, ಒಳಗಿದ್ದ ಪ್ರಮಾಣವು ಡಬ್ಬಿಯ ಮೇಲೆ ಬರೆದದ್ದಕ್ಕಿಂತ ಶೇ 83ರಷ್ಟು ಕಡಿಮೆಯಿಂದ ಶೇ 478ರಷ್ಟು ಹೆಚ್ಚಿನವರೆಗೆ ಏರುಪೇರಾಗಿತ್ತು. ಕೊಳ್ಳುವವರು ಇದನ್ನು ಗಮನಿಸಬೇಕು.

ಮೆಗ್ನೀಸಿಯಂ ನರ ಮತ್ತು ಸ್ನಾಯುಗಳಿಗೆ ಅಗತ್ಯವಾದ ಖನಿಜ. ಕೊರತೆ ಇಲ್ಲದವರಿಗೆ ಮಾತ್ರೆಯಿಂದ ನಿದ್ರೆ ಬರುತ್ತದೆಂಬುದಕ್ಕೆ ಬಲವಾದ ಆಧಾರವಿಲ್ಲ. ಹೆಚ್ಚಾದರೆ ಭೇದಿಯಾಗುತ್ತದೆ, ಮೂತ್ರಪಿಂಡದ ತೊಂದರೆಯಿದ್ದವರಲ್ಲಿ ರಕ್ತದಲ್ಲೇ ಉಳಿದು ಪ್ರಾಣಕ್ಕೆ ಅಪಾಯ ತರಬಲ್ಲದು. ಸಂತೋಷದ ಸಂಗತಿಯೆಂದರೆ, 100 ಗ್ರಾಂ ರಾಗಿಯಲ್ಲಿ ಸುಮಾರು 140 ಮಿಲಿಗ್ರಾಂ ಮೆಗ್ನೀಸಿಯಂ ಇದೆ. ಮುದ್ದೆ, ಸೊಪ್ಪಿನ ಸಾರು, ಎಳ್ಳಿನ ಪುಡಿ, ಹುರಿದ ಕುಂಬಳ ಬೀಜ ಇರುವ ನಮ್ಮ ಭಾಗದ ಊಟ ಈ ಖನಿಜಕ್ಕೆ ಬಡವಾದದ್ದಲ್ಲ.

ಕೊರತೆ ಇದ್ದಲ್ಲಿ ಪೂರಕ

ಪೂರಕ ಎಂಬ ಶಬ್ದದಲ್ಲಿಯೇ ಅದರ ಉಪಯೋಗ ಅಡಗಿದೆ. ಕಡಿಮೆ ಇರುವುದನ್ನು ತುಂಬುವುದು ಪೂರಕ. ಕಡಿಮೆ ಇಲ್ಲದ ಕಡೆ ಸುರಿದರೆ ಅದು ಹೊರೆ. ನಿದ್ರೆಯ ವಿಷಯದಲ್ಲಿ ನಿಜವಾಗಿ ಪರೀಕ್ಷಿಸಬೇಕಾದ ಎರಡು ಕೊರತೆಗಳು ಜಾಹೀರಾತುಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಮೊದಲನೆಯದು ಕಬ್ಬಿಣ. ಮಲಗಿದೊಡನೆ ಕಾಲಿನಲ್ಲಿ ಇರುವೆ ಹರಿದಂತೆ, ಎಳೆದಂತೆ ಆಗಿ, ಕಾಲು ಆಡಿಸಿದರೆ ಮಾತ್ರ ಸಮಾಧಾನವಾಗುವ ಒಂದು ತೊಂದರೆಯಿದೆ. ಮಹಿಳೆಯರಲ್ಲಿ, ಗರ್ಭಿಣಿಯರಲ್ಲಿ ಇದು ಹೆಚ್ಚು. ದಿನವಿಡೀ ನಿಂತು ದುಡಿದ ಆಯಾಸವೆಂದು ಎಷ್ಟೋ ತಾಯಂದಿರು ಇದನ್ನು ಯಾರಿಗೂ ಹೇಳದೆ ರಾತ್ರಿಯಿಡೀ ಹೊರಳಾಡುತ್ತಾರೆ. ದೇಹದ ಕಬ್ಬಿಣದ ಸಂಗ್ರಹ ತಗ್ಗಿರುವುದು ಇದಕ್ಕೆ ಒಂದು ಮುಖ್ಯ ಕಾರಣ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್ ಎಂಬ ರಕ್ತಪರೀಕ್ಷೆ ಮಾಡಿಸಿದರೆ ಅದು ತಿಳಿಯುತ್ತದೆ; ಕಬ್ಬಿಣ ತುಂಬಿದರೆ ಕಾಲೂ ಶಾಂತವಾಗುತ್ತದೆ, ನಿದ್ರೆಯೂ ಬರುತ್ತದೆ. ಊಟದೊಡನೆ ಚಹಾ, ಕಾಫಿ ಕುಡಿದರೆ ಕಬ್ಬಿಣ ಹೀರಿಕೊಳ್ಳುವುದು ಕುಗ್ಗುತ್ತದೆ. ನಿಂಬೆಹಣ್ಣು, ನೆಲ್ಲಿಕಾಯಿ ಸೇರಿದರೆ ಹೆಚ್ಚುತ್ತದೆ. ಥೈರಾಯ್ಡ್ ಮಾತ್ರೆಗೂ ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ.

ಎರಡನೆಯದು ಬಿ12 ಜೀವಸತ್ವ. ಸಸ್ಯಾಹಾರಿಗಳಾದ ನಮಗೆ ಇದು ಹಾಲು, ಮೊಸರುಗಳಿಂದ ಮಾತ್ರ ದೊರೆಯುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿ ಇದಿಲ್ಲ. ಕೊರತೆಯಾದರೆ ಕೈಕಾಲು ಜೋಮು, ಮರೆವು, ಸಿಡುಕು, ಮನಸ್ಸಿನ ಕುಗ್ಗುವಿಕೆ ಕಾಣಿಸಿಕೊಳ್ಳಬಹುದು. ಮಧುಮೇಹಕ್ಕೆ ಮೆಟ್‌ಫಾರ್ಮಿನ್, ಹೊಟ್ಟೆಯುರಿಗೆ ಆಮ್ಲ ತಗ್ಗಿಸುವ ಮಾತ್ರೆಗಳನ್ನು ವರ್ಷಗಳಿಂದ ಸೇವಿಸುವವರಲ್ಲಿ ಇದು ಇನ್ನೂ ಬೇಗ ಕಡಿಮೆಯಾಗುತ್ತದೆ. ಇವರೆಲ್ಲ ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಇದಕ್ಕೆ ಚಿಕಿತ್ಸೆ ಸುಲಭ, ಖರ್ಚೂ ಅಲ್ಪ.

ಕೊಳ್ಳುವ ಮುನ್ನ ಓದಬೇಕಾದದ್ದು

ಆಯುರ್ವೇದ ಔಷಧಕ್ಕೆ ಸರ್ಕಾರದ ತಯಾರಿಕಾ ಪರವಾನಗಿ ಸಂಖ್ಯೆ ಇರುತ್ತದೆ. ಆಹಾರ ಪೂರಕಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆಯಿದ್ದು, ಔಷಧವಾಗಿ ಬಳಸಲು ಅಲ್ಲ ಎಂಬ ಅರ್ಥದ ಸಾಲು ಮುದ್ರಿತವಾಗಿರುತ್ತದೆ. ಮುಂಭಾಗದಲ್ಲಿ ನಿದ್ರೆಯ ಭರವಸೆ ಕೊಡುವ ಡಬ್ಬಿಯ ಹಿಂಭಾಗದಲ್ಲಿಯೇ ಆ ಸಾಲಿರುವುದನ್ನು ಗಮನಿಸಿ. ಯಾವ ಸಸ್ಯದ ಯಾವ ಭಾಗ, ಎಷ್ಟು ಮಿಲಿಗ್ರಾಂ, ತಯಾರಾದ ದಿನ, ಮುಗಿಯುವ ದಿನ, ಇಷ್ಟೂ ಸ್ಪಷ್ಟವಿಲ್ಲದಿದ್ದರೆ ಕೊಳ್ಳಬೇಡಿ. ಹತ್ತು ಹದಿನೈದು ಮೂಲಿಕೆಗಳನ್ನು ಕೂಡಿಸಿದ ಮಿಶ್ರಣದಲ್ಲಿ ತೊಂದರೆಯಾದರೆ ಯಾವುದರಿಂದ ಆಯಿತೆಂದು ತಿಳಿಯುವುದು ಕಷ್ಟ. ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ಪುಡಿಗಳಿಂದ ದೂರವಿರಿ. ಇಂತಹವುಗಳಲ್ಲಿ ಸೀಸದಂತಹ ಲೋಹಗಳಾಗಲಿ, ಗುಟ್ಟಾಗಿ ಬೆರೆಸಿದ ಇಂಗ್ಲಿಷ್ ಔಷಧವಾಗಲಿ ಇರುವ ಸಾಧ್ಯತೆಯುಂಟು. ವೈದ್ಯರಲ್ಲಿಗೆ ಹೋಗುವಾಗ ಮನೆಯಲ್ಲಿ ಸೇವಿಸುತ್ತಿರುವ ಎಲ್ಲ ಪುಡಿ, ಕಷಾಯ, ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. ಸಂಕೋಚದಿಂದ ಮುಚ್ಚಿಡುವುದೇ ಹೆಚ್ಚಿನ ಅನರ್ಥಕ್ಕೆ ದಾರಿ.

ನಿದ್ರೆಯ ಕ್ರಮ

ಚರಕ ಸಂಹಿತೆಯು ಶರೀರವನ್ನು ಧರಿಸಿರುವ ಮೂರು ಉಪಸ್ತಂಭಗಳಲ್ಲಿ ಆಹಾರದ ಜೊತೆಗೆ ನಿದ್ರೆಯನ್ನೂ ಎಣಿಸಿದೆ. ಇಂದಿನ ವೈದ್ಯಶಾಸ್ತ್ರವೂ ದೀರ್ಘಕಾಲದ ನಿದ್ರಾಹೀನತೆಗೆ ಮೊದಲು ಹೇಳುವುದು ಮಾತ್ರೆಯನ್ನಲ್ಲ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆಯನ್ನು. 2016ರಲ್ಲಿ ಅಮೆರಿಕದ ವೈದ್ಯರ ಕಾಲೇಜು ಇದನ್ನೇ ಮೊದಲ ಚಿಕಿತ್ಸೆಯೆಂದು ಶಿಫಾರಸು ಮಾಡಿತು. ಅದರ ಸಾರವನ್ನು ಮನೆಯಲ್ಲಿಯೇ ಅನುಸರಿಸಬಹುದು.

1. ಮಲಗುವ ಹೊತ್ತಿಗಿಂತ ಏಳುವ ಹೊತ್ತು ಮುಖ್ಯ. ರಾತ್ರಿ ಹೇಗೆಯೇ ಕಳೆದಿರಲಿ, ಬೆಳಿಗ್ಗೆ ಪ್ರತಿದಿನ ಒಂದೇ ಹೊತ್ತಿಗೆ ಎದ್ದು ಬೆಳಕಿಗೆ ಬನ್ನಿ.

2. ನಿದ್ರೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ. ಇಪ್ಪತ್ತು ನಿಮಿಷವಾದರೂ ನಿದ್ರೆ ಬಾರದಿದ್ದರೆ ಎದ್ದು ಬೇರೆಡೆ ಮಂದ ಬೆಳಕಿನಲ್ಲಿ ಕುಳಿತು ಧ್ಯಾನವನ್ನೋ ಓದನ್ನೋ ಮಾಡಿ, ತೂಕಡಿಕೆ ಬಂದಾಗ ಮರಳಿ ಮಲಗಿ. ಮತ್ತೆ ಮತ್ತೆ ಗಡಿಯಾರ ನೋಡಬೇಡಿ.

3. ಕಾಫಿ, ಚಹಾದ ಅಂಶದಲ್ಲಿ ಅರ್ಧದಷ್ಟು ಐದಾರು ಗಂಟೆಯಾದರೂ ದೇಹದಲ್ಲಿರುತ್ತದೆ. ಮಧ್ಯಾಹ್ನ ಎರಡು ಗಂಟೆಯ ನಂತರ ಬೇಡ. ತಂಬಾಕು ಯಾವ ಹೊತ್ತಿಗೂ ಬೇಡ.

4. ಹಗಲು ನಿದ್ರೆ ಅರ್ಧ ಗಂಟೆ ಮೀರದಿರಲಿ, ಮೂರು ಗಂಟೆಯೊಳಗೆ ಮುಗಿಯಲಿ.

5. ಸಂಜೆಯೇ ಒಂದು ಪುಸ್ತಕದಲ್ಲಿ ನಾಳೆಯ ಕೆಲಸಗಳನ್ನೂ ಮನಸ್ಸಿನ ಚಿಂತೆಗಳನ್ನೂ ಬರೆದು ಮುಚ್ಚಿಡಿ. ಚಿಂತೆಯನ್ನು ಹಾಸಿಗೆಗೆ ಒಯ್ಯುವುದು ಇದರಿಂದ ತಗ್ಗುತ್ತದೆ.

6. ಮಲಗುವ ಮುನ್ನ ಹತ್ತು ನಿಮಿಷ ನಿಧಾನವಾಗಿ, ನಿಮಿಷಕ್ಕೆ ಆರರಂತೆ ಉಸಿರಾಡಿ. ಉಸಿರು ಬಿಡುವುದು ಎಳೆಯುವುದಕ್ಕಿಂತ ದೀರ್ಘವಾಗಿರಲಿ. ಮೊಬೈಲ್ ಫೋನು ಬೇರೆ ಕೋಣೆಯಲ್ಲಿರಲಿ.

ಮೊದಲ ವಾರ ಇವು ಕಷ್ಟವೆನಿಸುತ್ತವೆ. ನಾಲ್ಕರಿಂದ ಆರು ವಾರ ಬಿಡದೆ ಪಾಲಿಸಿದವರಲ್ಲಿ ಅನೇಕರಿಗೆ ಡಬ್ಬಿಯ ಅಗತ್ಯವೇ ಬೀಳುವುದಿಲ್ಲ.

ರಾತ್ರಿ ಪಾಳಿಯವರು ಕಾಯಕದ ಕಾರಣದಿಂದ ಈ ಕ್ರಮವನ್ನು ಹಾಗೆಯೇ ಪಾಲಿಸಲಾರರು. ಅವರು ಕೆಲಸಕ್ಕೆ ಹೊರಡುವ ಮುನ್ನ ಒಂದೂವರೆ ಗಂಟೆ ಮಲಗಲಿ. ಚಹಾ ಪಾಳಿಯ ಮೊದಲ ಅರ್ಧದಲ್ಲಿ ಮಾತ್ರ ಇರಲಿ. ಬೆಳಿಗ್ಗೆ ಮರಳುವಾಗ ಕಪ್ಪು ಕನ್ನಡಕ ಧರಿಸಲಿ. ಮನೆಯಲ್ಲಿ ಕಿಟಕಿಗೆ ದಪ್ಪ ಪರದೆ ಹಾಕಿ ಮಲಗಲಿ. ಮನೆಯವರು ಆ ಹಗಲಿನ ನಿದ್ರೆಯನ್ನು ಸೋಮಾರಿತನವೆಂದು ಭಾವಿಸದೆ ಕಾಪಾಡಬೇಕು. ಚಾಲಕರು ತೂಕಡಿಕೆ ಬಂದೊಡನೆ ವಾಹನವನ್ನು ಬದಿಗೆ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಬೇಕು. ನಿದ್ರೆ ತರಿಸುವ ಯಾವ ಮೂಲಿಕೆಯಾಗಲಿ ಮಾತ್ರೆಯಾಗಲಿ ಚಾಲಕರಿಗೆ ಪಾಳಿಯ ದಿನ ಸಲ್ಲದು.

ಯಾವಾಗ ವೈದ್ಯರನ್ನು ಕಾಣಬೇಕು

ನಿದ್ರೆ ಬಾರದಿರುವುದು ಅನೇಕ ವೇಳೆ ಬೇರೊಂದು ರೋಗದ ಸೂಚನೆ. ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುವವರು ಮಂಪರಿನ ಮದ್ದನ್ನು ಸೇವಿಸಿದರೆ ಉಸಿರಾಟಕ್ಕೇ ಕುತ್ತು ಬರಬಹುದು. ರಾತ್ರಿ ಪದೇ ಪದೇ ಮೂತ್ರಕ್ಕೆ ಏಳುವುದು ಮಧುಮೇಹದ ಗುರುತಾಗಿರಬಹುದು. ಎದೆಬಡಿತ, ಬೆವರು, ತೂಕ ಇಳಿಯುವುದು ಥೈರಾಯ್ಡ್‌ನಿಂದ ಇರಬಹುದು. ನಸುಕಿನ ಮೂರು ನಾಲ್ಕು ಗಂಟೆಗೇ ಎಚ್ಚರವಾಗಿ, ಯಾವುದರಲ್ಲೂ ಆಸಕ್ತಿಯಿಲ್ಲದೆ, ಬದುಕು ಭಾರವೆನಿಸಿದರೆ ಅದು ಖಿನ್ನತೆ. ಅದಕ್ಕೆ ಪರಿಣಾಮಕಾರಿಯಾದ ಚಿಕಿತ್ಸೆಯಿದೆ. ಅಂತಹವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ಕರೆದೊಯ್ಯಬೇಕು. ಮೂಲಿಕೆ ಸೇವಿಸುತ್ತಿರುವವರಲ್ಲಿ ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು, ಮೈತುರಿಕೆ ಕಂಡರೆ ಅಂದೇ ಸೇವನೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ನೆರವು ದೂರದಲ್ಲೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಆಧುನಿಕ ಮನೋವೈದ್ಯದ ಜೊತೆಗೆ ಯೋಗ, ಆಯುರ್ವೇದಗಳನ್ನು ಕೂಡಿಸಿ ನೋಡುವ ವಿಭಾಗವೂ ಇದೆ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಮೊದಲು ಹೇಳಿದ ತಾಯಿ-ಮಗನ ಸನ್ನಿವೇಶಕ್ಕೆ ಮರಳೋಣ. ಮಗ ಆ ಡಬ್ಬಿಯನ್ನು ತರುವ ಬದಲು ಒಂದು ದಿನ ರಜೆ ಹಾಕಿ, ತಾಯಿಯ ಎಲ್ಲ ಮಾತ್ರೆಗಳೊಡನೆ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದಿದ್ದರೆ ಏನಾಗುತ್ತಿತ್ತು? ಥೈರಾಯ್ಡ್ ಮಾತ್ರೆಯ ಪ್ರಮಾಣ ಸರಿಯಿದೆಯೇ, ಕಬ್ಬಿಣ ಮತ್ತು ಬಿ12 ಎಷ್ಟಿದೆ ಎಂದು ತಿಳಿಯುತ್ತಿತ್ತು. ನಿದ್ರೆ ಮಾತ್ರೆಯನ್ನು ಇಳಿಸುವ ಕ್ರಮ ದೊರೆಯುತ್ತಿತ್ತು. ದಾರಿಯುದ್ದಕ್ಕೂ ತಾಯಿ ತನ್ನ ಮನಸ್ಸಿನ ಚಿಂತೆಯನ್ನು ಮಗನೊಡನೆ ಹೇಳಿಕೊಳ್ಳುತ್ತಿದ್ದರು. ಬಹುಶಃ ಆ ರಾತ್ರಿ ಅರ್ಧ ನಿದ್ರೆ ಅದರಿಂದಲೇ ಬರುತ್ತಿತ್ತು. ಮೂಲಿಕೆಗಳನ್ನು ಗೌರವಿಸೋಣ, ಅರಿತು ಬಳಸೋಣ. ಮನೆಯಲ್ಲಿ ಯಾರಾದರೂ ನಿದ್ರೆಯಿಲ್ಲದೆ ಹೊರಳಾಡುತ್ತಿದ್ದರೆ ಮದ್ದು ಹುಡುಕುವ ಮುನ್ನ ಅವರ ಪಕ್ಕದಲ್ಲಿ ಕುಳಿತು ಕಾರಣವನ್ನು ಕೇಳೋಣ.